ಹಿಂದೆ ಕೂತವರನ್ನು ಕೈಬಿಡುವ ಅಗ್ಗದ ಇನ್ಶೂರೆನ್ಸ್

"ಪೊಲೀಸ್ ಹಿಡಿದ್ರೆ ತೋರಿಸೋಕೆ ಒಂದು ಪೇಪರ್ ಇದ್ರೆ ಸಾಕು ಬಿಡಣ್ಣ." ಮುಳಬಾಗಿಲು ತಾಲ್ಲೂಕಿನಲ್ಲಿ ಬೈಕಿನ ಇನ್ಶೂರೆನ್ಸ್ ಮಾತೆತ್ತಿದರೆ ಸಿಗುವ ಉತ್ತರ ಇದು. ಬೆನ್ನಿಗೇ ಬುದ್ಧಿಮಾತೂ ಬರುತ್ತದೆ: "ಎಲ್ಲಿ ಕಮ್ಮಿಗೆ ಆಗುತ್ತೋ ಅಲ್ಲಿ ಮಾಡಿಸು, ಥರ್ಡ್ ಪಾರ್ಟಿ ಸಾಕು." ಇದನ್ನು ಹೇಳುವವರು ಕೆಟ್ಟವರಲ್ಲ. ಅಣ್ಣ ತಮ್ಮನಿಗೆ, ಮೆಕ್ಯಾನಿಕ್ ಗಿರಾಕಿಗೆ, ಮಾವ ಅಳಿಯನಿಗೆ ಒಳ್ಳೆಯದನ್ನು ಬಯಸಿಯೇ ಹೇಳುತ್ತಾರೆ. ಅದಕ್ಕೇ ಈ ಮಾತು ಇಷ್ಟು ಆಳಕ್ಕೆ ಬೇರುಬಿಟ್ಟಿದೆ. ಅದಕ್ಕೇ ಇದನ್ನು ಎದುರು ನಿಂತು ಖಂಡಿಸಬೇಕಾಗಿದೆ. ಈ ಅಗ್ಗದ ಪಾಲಿಸಿಯಲ್ಲಿ ಉಳಿಯುವ ದುಡ್ಡು ಎಲ್ಲಿಂದ ಉಳಿಯಿತು ಎಂದು ಹುಡುಕಿದರೆ ಸಿಗುವ ಉತ್ತರ ಒಂದೇ: ಗಾಡಿ ಓಡಿಸುವವನ ಮತ್ತು ಅವನ ಹಿಂದೆ ಕೂರುವ ಹೆಂಡತಿ, ತಾಯಿ, ಮಗಳ ರಕ್ಷಣೆಯನ್ನು ಕಿತ್ತುಹಾಕಿ ಉಳಿಸಿದ ದುಡ್ಡು ಅದು.

ನಾನು ಮಾತಾಡುತ್ತಿರುವುದು ಮುಖ್ಯವಾಗಿ ಒಂದು ಬಗೆಯ ಬೈಕಿನ ಬಗ್ಗೆ. ಎತ್ತರದ ಸೀಟು, ಉದ್ದ ಸಸ್ಪೆನ್ಷನ್, ಗುಂಡಿ ಕಲ್ಲು ಮರಳು ಯಾವುದಕ್ಕೂ ಅಂಜದ ಟೈರು. ಆರ್‌ಸಿ ಇದೆ, ನಂಬರ್ ಪ್ಲೇಟ್ ಇದೆ, ಹೆದ್ದಾರಿಯಲ್ಲೂ ಓಡುತ್ತದೆ, ಗುಡ್ಡವನ್ನೂ ಹತ್ತುತ್ತದೆ. 2011ರಲ್ಲಿ ಹೀರೋ ಇಂಪಲ್ಸ್ ಬಂದಾಗ ಇಂಥದ್ದನ್ನು ಕೊಳ್ಳುವವರು ಕಡಿಮೆ ಇದ್ದರು. 2016ರಲ್ಲಿ ಹಿಮಾಲಯನ್, 2019ರಲ್ಲಿ ಎಕ್ಸ್‌ಪಲ್ಸ್ ಬಂದ ಮೇಲೆ ಲೆಕ್ಕ ಬದಲಾಯಿತು. ನಮ್ಮ ತಾಲ್ಲೂಕಿನ ಕುರುಡುಮಲೆಯ ಸುತ್ತ ಈ ಬೈಕಿಗೆ ಕೆಲಸವಿದೆ. ಊರಿನ ಮೇಲೆ ಬಂಡೆಗಳ ಗುಡ್ಡ, ಕೆಳಗೆ ಹದಿಮೂರು ಅಡಿಗೂ ಮೀರಿದ ಏಕಶಿಲಾ ಗಣಪತಿ ಮತ್ತು ಸೋಮೇಶ್ವರ, ಆಚೆಗೆ ಟೊಮೆಟೊ ತೋಟಗಳಿಗೆ ಹೋಗುವ ಬಂಡಿದಾರಿಗಳು. ಶನಿವಾರ ಭಾನುವಾರ ಬೆಂಗಳೂರಿನ ಹುಡುಗರು ರಾಷ್ಟ್ರೀಯ ಹೆದ್ದಾರಿ 75 ಹಿಡಿದು ಗುಡ್ಡ ನೋಡಲು ಬರುತ್ತಾರೆ. ಅವರು ಓಡಿಸಿ ಮಾರಿದ ಗಾಡಿಗಳು ಸೆಕೆಂಡ್ ಹ್ಯಾಂಡಾಗಿ ನಮ್ಮ ಹುಡುಗರ ಕೈಗೆ ಬರುತ್ತವೆ. ಹೊಸದೋ ಹಳೆಯದೋ, ಗಾಡಿ ಬಂದ ವಾರ ಗಣಪತಿಯ ಮುಂದೆ ನಿಲ್ಲಿಸಿ, ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸುತ್ತಾರೆ. ಸೀಟಿನ ಕೆಳಗಿನ ಕವರಿನಲ್ಲಿರುವ ಪಾಲಿಸಿಯನ್ನು ಮಾತ್ರ ಯಾರೂ ಬಿಚ್ಚಿ ಓದುವುದಿಲ್ಲ. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಬೈಕು ತಯಾರಿಸುತ್ತಿದೆ; ಅಂಥ ಜಿಲ್ಲೆಯಲ್ಲೇ ಹೀಗೆ ಎನ್ನುವುದು ನನಗೆ ಬೇಸರದ ಸಂಗತಿ.

ಆ ಕಾಗದವನ್ನು ಒಮ್ಮೆ ಬಿಚ್ಚಿ ನೋಡೋಣ. ಮೊದಲ ಪುಟದಲ್ಲಿ ಪ್ರೀಮಿಯಂ ಪಟ್ಟಿ ಎರಡು ಭಾಗವಾಗಿರುತ್ತದೆ. ಒಂದು ಕಡೆ ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆಗುವ ನಷ್ಟ, ಕಳವು, ಬೆಂಕಿ. ಇನ್ನೊಂದು ಕಡೆ ಲಯಬಿಲಿಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಸಾವು, ಗಾಯ, ಆಸ್ತಿ ನಷ್ಟ. ಈ ಎರಡನೆಯದೇ ಥರ್ಡ್ ಪಾರ್ಟಿ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಇದಿಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಅದರ ಕೆಳಗೆ ಪಿಎ ಎಂಬ ಸಾಲು: ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ, 2018ರಿಂದ 15 ಲಕ್ಷ ರೂಪಾಯಿಯದು. ಅಗ್ಗದ ಪಾಲಿಸಿಯಲ್ಲಿ ಮೊದಲ ಭಾಗ ಪೂರ್ತಿ ಖಾಲಿ. ಪಿಎ ಸಾಲಿನಲ್ಲೂ ಎಷ್ಟೋ ಸಲ ಸೊನ್ನೆ.

"ಕಮ್ಮಿಗೆ ಎಲ್ಲಿ ಆಗುತ್ತೆ" ಎಂದು ಅಂಗಡಿ ಅಂಗಡಿ ಅಲೆಯುವವರಿಗೆ ಯಾರೂ ಹೇಳದ ಮಾತೊಂದಿದೆ. ಥರ್ಡ್ ಪಾರ್ಟಿ ಪ್ರೀಮಿಯಂ ಎಲ್ಲ ಕಂಪನಿಯಲ್ಲೂ ಒಂದೇ. ಅದನ್ನು ನಿಗದಿ ಮಾಡುವುದು ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿ ಗಾಡಿಗೆ ವರ್ಷಕ್ಕೆ 714 ರೂಪಾಯಿ, 150ರಿಂದ 350 ಸಿಸಿಗೆ 1,366, 350 ದಾಟಿದರೆ 2,804. ಇದರ ಮೇಲೆ ಜಿಎಸ್‌ಟಿ. ಅಲ್ಲಿಗೆ ಥರ್ಡ್ ಪಾರ್ಟಿಯಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಯಾರಾದರೂ ಇದಕ್ಕಿಂತ ಕಡಿಮೆಗೆ ಮಾಡಿಕೊಡುತ್ತೇನೆ ಎಂದರೆ ಆ ಪಾಲಿಸಿ ನಕಲಿಯೋ, ಗಾಡಿಯ ವಿವರ ತಪ್ಪಾಗಿ ಬರೆದದ್ದೋ ಎಂದು ಅನುಮಾನಪಡಬೇಕು. ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ಇನ್ಶೂರೆನ್ಸ್ ಸಾಲು ನೋಡಿದರೆ ಗೊತ್ತಾಗುತ್ತದೆ. ಬೆಲೆಯಲ್ಲಿ ಹೆಚ್ಚುಕಡಿಮೆ ಇರುವುದು ಮುಖ್ಯವಾಗಿ ಓನ್ ಡ್ಯಾಮೇಜ್ ಭಾಗದಲ್ಲಿ. ನಮ್ಮವರು ಚೌಕಾಸಿ ಮಾಡಬಹುದಾದ ಆ ಭಾಗವನ್ನು ಚೌಕಾಸಿಯೇ ಮಾಡದೆ ಪೂರ್ತಿ ಬಿಟ್ಟುಬಿಡುತ್ತಾರೆ.

ಬಿಟ್ಟರೆ ಹೋಗುವುದು ಗಾಡಿಯ ತಗಡು ಮಾತ್ರ ಅಂದುಕೊಂಡಿದ್ದೇವೆ. ದೊಡ್ಡ ತಪ್ಪು ಇರುವುದೇ ಇಲ್ಲಿ. ಬೈಕಿನ ಹಿಂದೆ ಕೂತವರು ಥರ್ಡ್ ಪಾರ್ಟಿ ಅಲ್ಲವೇ? ಕಾನೂನು ಹಾಗೆ ನೋಡಿಲ್ಲ. ಬರೀ ಕಾಯ್ದೆಗೆ ಬೇಕಾದಷ್ಟೇ ಇರುವ ಪಾಲಿಸಿಯಲ್ಲಿ ಹಿಂಬದಿ ಸವಾರರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು, 2008ರಲ್ಲಿ ಮತ್ತೆ ಹೇಳಿತು. ಪ್ಯಾಕೇಜ್ ಪಾಲಿಸಿ, ಅಂದರೆ ನಮ್ಮ ಕಡೆ ಫುಲ್ ಇನ್ಶೂರೆನ್ಸ್ ಎನ್ನುತ್ತೇವಲ್ಲ, ಅದರಲ್ಲಿ ಹಿಂಬದಿ ಸವಾರರ ಹೊಣೆ ಸೇರಿದೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರ್ 16ರಂದು ಸುತ್ತೋಲೆ ಹೊರಡಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇರೆ ಗಾಡಿಯ ತಪ್ಪಿದ್ದರೆ ಆ ಗಾಡಿಯ ಇನ್ಶೂರೆನ್ಸ್ ಕೊಡುತ್ತದೆ, ಸರಿ. ಆದರೆ ಬಂಡಿದಾರಿಯಲ್ಲಿ ಮುಂದಿನ ಚಕ್ರ ಜಾರಿ ನಾವೇ ಬಿದ್ದರೆ? ಎದುರಿಗೆ ಇನ್ನೊಂದು ಗಾಡಿಯೇ ಇಲ್ಲ. ಗುಡ್ಡದ ದಾರಿಯಲ್ಲಿ, ತೋಟದ ದಾರಿಯಲ್ಲಿ ಹೆಚ್ಚಾಗಿ ಆಗುವುದು ಇಂಥ ಅಪಘಾತವೇ. ಆಗ ಹಿಂದೆ ಕೂತು ಕಾಲು ಮುರಿದುಕೊಂಡವಳಿಗೆ ಅಗ್ಗದ ಪಾಲಿಸಿಯಿಂದ ಒಂದು ರೂಪಾಯಿ ಬರುವುದಿಲ್ಲ. ಎತ್ತರದ ಸೀಟಿನ ಮೇಲೆ ಸೀರೆ ಉಟ್ಟು ಒಂದು ಪಕ್ಕಕ್ಕೆ ಕೂರುವ ಹೆಂಗಸಿಗೆ ಇಂಥ ಗಾಡಿಯಲ್ಲಿ ಅಪಾಯ ಇನ್ನೂ ಹೆಚ್ಚು. ಎಲ್ಲರಿಗಿಂತ ಮೊದಲು ರಕ್ಷಣೆ ಸಿಗಬೇಕಾದವಳನ್ನು ಎಲ್ಲರಿಗಿಂತ ಮೊದಲು ಕೈಬಿಡುವ ಪಾಲಿಸಿಯನ್ನು ನಾವು ಜಾಣತನ ಎಂದು ಕರೆಯುತ್ತಿದ್ದೇವೆ.

ಓಡಿಸುವವನ ಕಥೆಯೂ ಇದೇ. 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣವೊಂದು ನಮ್ಮದೇ ರಾಜ್ಯದ್ದು. ಇಳಕಲ್ಲಿನಿಂದ ಒಬ್ಬಾತ ಬೇರೆಯವರ ಹೀರೋ ಹೋಂಡಾ ಕೇಳಿ ತೆಗೆದುಕೊಂಡು ತನ್ನೂರಿಗೆ ಹೊರಟಿದ್ದ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಮುಂದೆ ಹೋಗುತ್ತಿದ್ದ, ಕಬ್ಬಿಣದ ತಗಡು ಹೇರಿದ ಎತ್ತಿನಗಾಡಿ ಇದ್ದಕ್ಕಿದ್ದಂತೆ ನಿಂತಿತು. ಬೈಕು ಹೋಗಿ ಬಡಿಯಿತು, ಆತ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡ. ಗಾಡಿಯನ್ನು ಕೇಳಿ ತಂದವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ, ಮಾಲೀಕ ತನ್ನ ಪಾಲಿಸಿಗೆ ತಾನೇ ಥರ್ಡ್ ಪಾರ್ಟಿ ಆಗಲಾರ, ಹಾಗಾಗಿ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುತ್ತಿದ್ದ ಆಗಿನ 163-ಎ ಕಲಮು ಆತನ ಮನೆಯವರಿಗೆ ಅನ್ವಯಿಸುವುದಿಲ್ಲ ಎಂದು ಕೋರ್ಟ್ ಹೇಳಿತು. ಬೇರೆ ಕಲಮಿನಡಿ ನೋಡಲು ಹೈಕೋರ್ಟಿಗೆ ವಾಪಸ್ ಕಳಿಸಿತು. ನಮ್ಮ ಹಳ್ಳಿಗಳಲ್ಲಿ ಒಂದು ಬೈಕನ್ನು ಒಬ್ಬನೇ ಓಡಿಸುತ್ತಾನೆಯೇ? ಬೆಳಗ್ಗೆ ಅಪ್ಪ ಡೇರಿಗೆ, ಮಧ್ಯಾಹ್ನ ಮಗ ಮುಳಬಾಗಿಲಿಗೆ, ಸಂಜೆ ಪಕ್ಕದ ಮನೆಯವನು ಔಷಧಿ ತರಲು. ಇವರಲ್ಲಿ ಆರ್‌ಸಿಯಲ್ಲಿ ಹೆಸರಿರುವವನು ಒಬ್ಬನೇ. ಆ 15 ಲಕ್ಷದ ಪಿಎ ಕೂಡ ಅವನಿಗಷ್ಟೇ, ಅದೂ ಡಿಎಲ್ ಚಾಲ್ತಿಯಲ್ಲಿದ್ದರೆ.

ಸೆಕೆಂಡ್ ಹ್ಯಾಂಡ್ ಗಾಡಿಯ ವಿಷಯ ಇನ್ನೂ ಕಠಿಣ. ಮಾಲೀಕತ್ವ ವರ್ಗಾವಣೆಯ ಫಾರಂ 29, ಫಾರಂ 30ನ್ನು ಬರೀ ಸಹಿ ಹಾಕಿಸಿ ಖಾಲಿ ಇಸಿದುಕೊಂಡು, ಬೆಂಗಳೂರಿನವರ ಹೆಸರಿನಲ್ಲೇ ವರ್ಷಗಟ್ಟಲೆ ಓಡಿಸುವವರು ನಮ್ಮಲ್ಲಿ ತುಂಬ. ಟ್ರಾನ್ಸ್‌ಫರ್ ಖರ್ಚು ಉಳಿಯಿತು ಎಂಬ ಸಮಾಧಾನ. ಕಾಯ್ದೆಯ 157ನೇ ಕಲಮು ಥರ್ಡ್ ಪಾರ್ಟಿ ರಕ್ಷಣೆಯನ್ನು ಗಾಡಿಯ ಜೊತೆಗೇ ಹೊಸ ಮಾಲೀಕನಿಗೆ ದಾಟಿಸುತ್ತದೆ. ಓನ್ ಡ್ಯಾಮೇಜ್ ಹಾಗೆ ತಾನಾಗಿ ದಾಟುವುದಿಲ್ಲ, ಪಿಎ ದಾಟುವುದಿಲ್ಲ, ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ದಾಟುವುದಿಲ್ಲ. ಅಂದರೆ ಪ್ರತಿ ವರ್ಷ ಪಿಎಗೆ ದುಡ್ಡು ಕಟ್ಟಿಯೂ, ಓಡಿಸುವವನು ಸತ್ತರೆ ಅವನ ಮನೆಗೆ ಆ 15 ಲಕ್ಷ ಬರುವುದಿಲ್ಲ. ಪಾಲಿಸಿಯಲ್ಲಿರುವ ಹೆಸರು ಅವನದಲ್ಲ. ಮಾರಿದ ಬೆಂಗಳೂರಿನ ಹುಡುಗನೂ ಪಾರಾಗಿಲ್ಲ. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನ ಮೇಲೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಖಚಿತವಾಗಿ ಹೇಳಿದೆ.

ಈಗ ದುಡ್ಡಿನ ಲೆಕ್ಕ. ಫುಲ್ ಇನ್ಶೂರೆನ್ಸ್ ಬಡವರ ಕೈಗೆ ಎಟುಕುವುದಿಲ್ಲ ಎಂಬುದು ವಾದದ ಬೆನ್ನೆಲುಬು ತಾನೆ? ಕೆಎ-07 ನಂಬರಿನ 200 ಸಿಸಿ ಗಾಡಿ, ಐದು ವರ್ಷದೊಳಗಿನದು, ವಿಮೆಗೆ ಹಿಡಿಯುವ ಬೆಲೆ, ಅಂದರೆ ಐಡಿವಿ, 80,000 ರೂಪಾಯಿ ಎಂದಿಟ್ಟುಕೊಳ್ಳಿ. ಹಳೆಯ ಸರ್ಕಾರಿ ದರಪಟ್ಟಿಯಲ್ಲಿ ದೇಶವನ್ನು ಎರಡು ವಲಯ ಮಾಡಿದ್ದರು: ಬೆಂಗಳೂರು, ಚೆನ್ನೈಯಂಥ ಎಂಟು ನಗರಗಳು 'ಎ' ವಲಯ, ಉಳಿದದ್ದೆಲ್ಲ 'ಬಿ'. ಕೋಲಾರ 'ಬಿ'ಯಲ್ಲಿದೆ, ದರ ಸ್ವಲ್ಪ ಕಡಿಮೆ, ಶೇ. 1.76. ಆ ಲೆಕ್ಕಕ್ಕೆ 1,408 ರೂಪಾಯಿ. ಮೂರು ವರ್ಷ ಕ್ಲೇಮ್ ಮಾಡದಿದ್ದರೆ ಶೇ. 35ರಷ್ಟು ಬೋನಸ್ ಕಳೆದು ಸುಮಾರು 915. ಜಿಎಸ್‌ಟಿ ಸೇರಿಸಿ 1,080 ರೂಪಾಯಿ. ಈಗ ಕಂಪನಿಗಳು ತಮ್ಮ ತಮ್ಮ ದರ ಹಾಕುತ್ತವೆ, ರಿಯಾಯಿತಿಯನ್ನೂ ಕೊಡುತ್ತವೆ, ಹಾಗಾಗಿ ಎಷ್ಟೋ ಸಲ ಇದಕ್ಕಿಂತ ಕಡಿಮೆಗೆ ಸಿಗುತ್ತದೆ. ದಿನಕ್ಕೆ 3 ರೂಪಾಯಿ. ಈ ಮೂರು ರೂಪಾಯಿಯಲ್ಲಿ ಗಾಡಿ ಕಳವಾದರೆ ಬೆಲೆ ಬರುತ್ತದೆ, ಅದಕ್ಕಿಂತ ಮುಖ್ಯವಾಗಿ ಹಿಂದೆ ಕೂತವರು ಒಳಗೆ ಬರುತ್ತಾರೆ. ಪಿಎಗೆ 2018ರಲ್ಲಿ 750 ರೂಪಾಯಿ ಇತ್ತು. ಈಗ ಅದಕ್ಕಿಂತ ಕಡಿಮೆಗೂ ಕೊಡುತ್ತಾರೆ.

ಉಳಿಸಬೇಕೆಂದರೆ ಉಳಿಸುವ ಜಾಗ ಬೇರೆ ಇವೆ. ಷೋರೂಮಿನವರು ಆನ್-ರೋಡ್ ಬೆಲೆಯೊಳಗೆ ಸೇರಿಸಿ ಕೊಡುವ ಪಾಲಿಸಿಯನ್ನೇ ತೆಗೆದುಕೊಳ್ಳಬೇಕೆಂದಿಲ್ಲ. ಹೊರಗಡೆ ಮಾಡಿಸುವುದು ಗಿರಾಕಿಯ ಹಕ್ಕು, ವಿಮಾ ಪ್ರಾಧಿಕಾರದ 2017ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಬಿದ್ದೆದ್ದು ಗೀಚಿಹೋಗಿರುವ ಹಳೆ ಬೈಕಿಗೆ ಜೀರೋ ಡೆಪ್, ಅಂದರೆ ಬಿಡಿಭಾಗದ ಸವಕಳಿ ಕಳೆಯದೆ ಕೊಡುವ ರಕ್ಷಣೆ, ಬೇಡ. ಕೊಂಡ ಬೆಲೆಯನ್ನೇ ವಾಪಸ್ ಕೊಡುವ ರಿಟರ್ನ್ ಟು ಇನ್ವಾಯ್ಸ್ ಬೇಡ. ಸಣ್ಣಪುಟ್ಟ ಲಿವರ್, ಇಂಡಿಕೇಟರ್ ಮುರಿದದ್ದಕ್ಕೆ ಕ್ಲೇಮ್ ಮಾಡದೆ ಬೋನಸ್ ಉಳಿಸಿಕೊಳ್ಳಿ. ಐದು ವರ್ಷಕ್ಕೆ ಅದು ಶೇ. 50ಕ್ಕೆ ಹೋಗುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಅಷ್ಟೂ ಹೋಯಿತು.

ಹೊಸ ಗಾಡಿ ಕೊಂಡವರು ಇನ್ನೊಂದು ಭ್ರಮೆಯಲ್ಲಿರುತ್ತಾರೆ: "ಐದು ವರ್ಷದ ಇನ್ಶೂರೆನ್ಸ್ ಆಗೋಗಿದೆ." ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ನಿಜ. 200 ಸಿಸಿಗೆ ಅದು 7,365 ರೂಪಾಯಿ. ಆದರೆ ಅದರ ಜೊತೆ ಬರುವ ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷದ್ದು. ಎರಡನೇ ವರ್ಷ ಗಾಡಿ ಕಳವಾದರೆ ಏನೂ ಸಿಗದು. ಉಳಿದ ನಾಲ್ಕು ವರ್ಷ ಹಿಂಬದಿ ಸವಾರರ ಹೊಣೆ ಉಳಿದಿದೆಯೇ ಇಲ್ಲವೇ ಎಂಬುದು ಪಾಲಿಸಿಯ ಒಕ್ಕಣೆಯ ಮೇಲಿದೆ. ಕಂಪನಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇನ್ನು ಓದಿದವರ ವಾದ. "ಆಫ್‌ರೋಡ್ ಹೋದರೆ ಇನ್ಶೂರೆನ್ಸ್ ಬರಲ್ಲ, ಹಾಗಾಗಿ ಫುಲ್ ಮಾಡಿಸಿ ಪ್ರಯೋಜನವಿಲ್ಲ" ಎನ್ನುತ್ತಾರೆ. ಪಾಲಿಸಿಯಲ್ಲಿ ಯಾವುದಕ್ಕೆ ಬಳಸಬಾರದು ಎಂಬ ಸಾಲುಗಳಿವೆ: ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು, ಏರ್ಪಡಿಸಿದ ರೇಸು, ವೇಗದ ಪರೀಕ್ಷೆ, ಗಾಡಿಯ ತಾಳಿಕೆ ನೋಡುವ ಸ್ಪರ್ಧೆ. ಡಾಂಬರು ಬಿಟ್ಟು ಇಳಿಯಬಾರದು ಎಂದು ಆ ಪಟ್ಟಿಯಲ್ಲಿಲ್ಲ. ಕಾಯ್ದೆಯ ಪ್ರಕಾರ ಸಾರ್ವಜನಿಕರಿಗೆ ಹೋಗಿಬರುವ ಹಕ್ಕಿರುವ ಯಾವ ಜಾಗವೂ ಸಾರ್ವಜನಿಕ ಸ್ಥಳವೇ. ಬಂಡಿದಾರಿಯೂ ಅದರಲ್ಲಿ ಬರುತ್ತದೆ. ವಿಮೆಯೊಳಗೆ ಬರದಿರುವುದು ಫೀಸು ಕಟ್ಟಿಸಿಕೊಂಡು, ಟೈಮು ಹಿಡಿದು ನಡೆಸುವ ರ‍್ಯಾಲಿ. ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಿದರೂ ಕಷ್ಟ. ಕಂಪನಿ ಕೊಟ್ಟ ರೂಪವನ್ನು ಮಾಲೀಕರು ಬದಲಾಯಿಸುವಂತಿಲ್ಲ ಎನ್ನುವುದು 52ನೇ ಕಲಮು. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. 2020ರಲ್ಲಿ ಎಕ್ಸ್‌ಪಲ್ಸಿಗೆ ಬಂದ ರ‍್ಯಾಲಿ ಕಿಟ್ ಸ್ಪರ್ಧೆಗೆಂದೇ ಮಾಡಿದ್ದು, ರಸ್ತೆಗಲ್ಲ. ಅದನ್ನು ಹಾಕಿಕೊಂಡು ಊರಲ್ಲಿ ಓಡಾಡಿ, ಆಮೇಲೆ ಕ್ಲೇಮ್ ಆಗಲಿಲ್ಲ ಎಂದು ದೂರಬಾರದು. ಟೊಮೆಟೊ ಕ್ರೇಟು, ಹಾಲಿನ ಕ್ಯಾನು ಕಟ್ಟಿಕೊಂಡು ಓಡಿಸುವವರು ಸರಕಿನ ಸಾಲನ್ನು ಏಜೆಂಟರ ಮುಂದೆ ಓದಿಸಿ ಅರ್ಥ ಕೇಳಿಕೊಳ್ಳುವುದು ಒಳ್ಳೆಯದು.

"ಕಂಪನಿಯವರು ಕೊಡೋದೇ ಇಲ್ಲ" ಎಂಬುದು ಕೊನೆಯ ಕೋಟೆ. ಕ್ಲೇಮಿಗೆ ಓಡಾಡಿ ಚಪ್ಪಲಿ ಸವೆಸಿದವರ ಸಿಟ್ಟು ಸುಳ್ಳಲ್ಲ. ಆದರೆ ಆ ಸಿಟ್ಟನ್ನು ಇನ್ಶೂರೆನ್ಸ್ ಬಿಡುವುದಕ್ಕೆ ಬಳಸುವ ಬದಲು ಹೋರಾಡುವುದಕ್ಕೆ ಬಳಸಬೇಕು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬಹುದು. ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ಹಾಕಬಹುದು. ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. ಅಪಘಾತವಾದವರಿಗೆ ಏಳು ದಿನದವರೆಗೆ 1.5 ಲಕ್ಷದ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರಲ್ಲಿ ಬಂದಿದೆ, ಇನ್ನು ಪಾಲಿಸಿ ಯಾಕೆ ಎನ್ನುವವರಿಗೆ ಒಂದೇ ಮಾತು: ಎಂಟನೇ ದಿನವೂ ಆಸ್ಪತ್ರೆಯಲ್ಲೇ ಇದ್ದರೆ?

ಪೇಪರೇ ಇಲ್ಲದೆ ಓಡಿಸುವವರ ಲೆಕ್ಕವಂತೂ ಭಯಂಕರ. ಕಾಯ್ದೆಯ 196ನೇ ಕಲಮಿನಲ್ಲಿ ಮೊದಲ ಸಲಕ್ಕೆ 2,000 ದಂಡ, ಪ್ರೀಮಿಯಮ್ಮೂ ಹೆಚ್ಚುಕಡಿಮೆ ಅಷ್ಟೇ, ಸಿಕ್ಕಿಬಿದ್ದಾಗ ಕಟ್ಟಿದರಾಯಿತು ಎನ್ನುತ್ತಾರೆ. ಅದೇ ಕಲಮಿನಲ್ಲಿ ಮೂರು ತಿಂಗಳವರೆಗಿನ ಜೈಲೂ ಇದೆ ಎಂಬುದನ್ನು ಬಿಡೋಣ. ಆ ಬೈಕು ದಾರಿಹೋಕನೊಬ್ಬನಿಗೆ ಬಡಿದರೆ? ನ್ಯಾಯಮಂಡಳಿಯ ಪರಿಹಾರ ಲಕ್ಷಗಳಲ್ಲಿ ಬರುತ್ತದೆ, ಗಾಡಿಯ ಮಾಲೀಕನ ಮೇಲೆ ಬರುತ್ತದೆ. 174ನೇ ಕಲಮಿನ ಪ್ರಕಾರ ಅದನ್ನು ಜಿಲ್ಲಾಧಿಕಾರಿ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಅರ್ಧ ಎಕರೆ ಟೊಮೆಟೊ ತೋಟ ಇರುವವನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಸರ್ಕಾರದ ತಪ್ಪನ್ನೂ ಹೇಳದೆ ಬಿಡಲಾರೆ. 149 ಸಿಸಿಯ ಇಂಪಲ್ಸಿಗೆ ವರ್ಷಕ್ಕೆ 714 ರೂಪಾಯಿ. ಅದೇ ಕಂಪನಿಯ, ಅದೇ ಕೆಲಸದ, 199.6 ಸಿಸಿಯ ಎಕ್ಸ್‌ಪಲ್ಸಿಗೆ 1,366. ಐವತ್ತು ಸಿಸಿಗೆ ದುಡ್ಡು ಹತ್ತಿರಹತ್ತಿರ ಎರಡರಷ್ಟು. ಅದಕ್ಕಿಂತ ಸುಮಾರು 40 ಕಿಲೋ ಹೆಚ್ಚು ಭಾರದ 350 ಸಿಸಿ ಬುಲೆಟ್ಟಿಗೂ ಅದೇ 1,366. ದಾರಿಹೋಕನಿಗೆ ಆಗುವ ಅಪಾಯ ಹೀಗೆ 150ಕ್ಕೆ ಒಂದು ಮೆಟ್ಟಿಲು, 350ಕ್ಕೆ ಒಂದು ಮೆಟ್ಟಿಲು ಎಂದು ಏರುತ್ತದೆಯೇ? "ಶೋಕಿ ಗಾಡಿ, ಕೊಡಲಿ ಬಿಡಿ" ಎಂಬ ನಮ್ಮೂರಿನ ಮಾತೂ ದೆಹಲಿಯ ಪಟ್ಟಿಯೂ ಇಲ್ಲಿ ಒಂದೇ ದನಿಯಲ್ಲಿ ಮಾತಾಡುತ್ತಿವೆ. ಅದೇ 2022ರ ಪಟ್ಟಿ ವಿಂಟೇಜ್ ಕಾರಿಗೆ ಶೇ. 50 ರಿಯಾಯಿತಿ ಕೊಡುತ್ತದೆ, ವಿದ್ಯುತ್ ವಾಹನಕ್ಕೆ ಶೇ. 15 ಕೊಡುತ್ತದೆ. ಬಸ್ಸಿಲ್ಲದ ಊರಿನಲ್ಲಿ ಇಡೀ ಮನೆಯ ಸಾರಿಗೆಯಾಗಿರುವ 200 ಸಿಸಿ ಬೈಕಿಗೆ ಏನೂ ಇಲ್ಲ. ದೇಶದ ಅರ್ಧಕ್ಕಿಂತ ಹೆಚ್ಚು ವಾಹನಗಳು ವಿಮೆಯಿಲ್ಲದೆ ಓಡುತ್ತಿವೆ, ಅವುಗಳಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು ಎಂದು ಸಂಸದೀಯ ಸಮಿತಿಯ ಮುಂದೆಯೇ ಬಂದಿದೆ. ಈ ಮೆಟ್ಟಿಲನ್ನು ಮುರಿದು 200 ಸಿಸಿಗೆ ಬೇರೆ ದರ ಮಾಡಬೇಕು. ಅದಕ್ಕಿಂತ ಮೊದಲು, ಹಿಂಬದಿ ಸವಾರರನ್ನು ಕಡ್ಡಾಯ ಪಾಲಿಸಿಯೊಳಗೇ ಸೇರಿಸಬೇಕು. ಬೈಕು ಇಬ್ಬರಿಗೆಂದೇ ನೋಂದಣಿಯಾಗುತ್ತದೆ, ಆರ್‌ಸಿಯಲ್ಲೇ ಸೀಟು ಎರಡು ಎಂದು ಬರೆದಿರುತ್ತದೆ. ಕಾನೂನು ಕೇಳುವ ವಿಮೆ ಆ ಎರಡನೇ ಸೀಟನ್ನು ನೋಡದಿರುವುದು ಅನ್ಯಾಯ. ಕೋಲಾರದ ಸಂಸದರು ಯಾರೇ ಇರಲಿ, ಯಾವ ಪಕ್ಷದವರೇ ಇರಲಿ, ಈ ಪ್ರಶ್ನೆಯನ್ನು ಲೋಕಸಭೆಯಲ್ಲಿ ಎತ್ತಬೇಕು.

ಕಾನೂನು ಬದಲಾಗುವವರೆಗೆ ಕೆಲಸ ನಮ್ಮ ಕೈಯಲ್ಲೇ ಇದೆ. ಮುಂದಿನ ಸಲ ರಿನ್ಯೂವಲ್ಲಿಗೆ ಹೋದಾಗ "ಎಷ್ಟಕ್ಕೆ ಆಗುತ್ತೆ" ಎಂಬುದಕ್ಕಿಂತ ಮೊದಲು "ಹಿಂದೆ ಕೂತವರಿಗೆ ಬರುತ್ತಾ, ಪಾಲಿಸಿ ನನ್ನ ಹೆಸರಿಗಿದೆಯಾ, ಪಿಎ ಹಾಕಿದ್ದೀರಾ" ಎಂದು ಏಜೆಂಟರನ್ನು ಕೇಳಿ. ಉತ್ತರ ಇಲ್ಲ ಎಂದಾದರೆ ಆ ಪಾಲಿಸಿಗೆ ದುಡ್ಡು ಕೊಡಬೇಡಿ, ಇನ್ನೊಂದು ತೋರಿಸಲು ಹೇಳಿ.